ಅಳಿಸಿದ ಜೋಕು, ಏಳದ ಕಾರ್ಡು

ಕೆಟ್ಟ ಜೋಕು ಹೇಳಿ ಬೈಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಜೋಕನ್ನು ಅಳಿಸಿ ಒಂದು ಕಂಪನಿಯನ್ನೇ ಮಕಾಡೆ ಮಲಗಿಸಲು ಹೊರಟವನು ಈ ಭೂಮಿಯ ಮೇಲೆ ಬಹುಶಃ ನಾನೊಬ್ಬನೇ. ಅಳಿಸಿದ್ದು ಒಂದೇ ಒಂದು ಸಾಲು, ಅದೂ ನಾನೇ ಬರೆದಿದ್ದ ಸಾಲು. ಅಳಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಗಿರಾಕಿ ಬಂದು ಎದುರಿಗೆ ಕೂತರು. ಅವರ ಕಣ್ಣೆದುರೇ ನಮ್ಮ ನೆಟ್‌ವರ್ಕ್ ಕಾರ್ಡು ಉಸಿರಾಡದೆ ಬಿದ್ದುಕೊಂಡಿತು. ಅಲ್ಲಿಗೆ ನಿಲ್ಲಿಸಿದ್ದರೂ ಮರ್ಯಾದೆ ಉಳಿಯುತ್ತಿತ್ತು. ನಾನು ಬಾಯಿ ಬಿಟ್ಟು, “ಹಾರ್ಡ್‌ವೇರ್ ಪ್ರಾಬ್ಲಮ್ ಇರ್ಬೇಕು ಸಾರ್” ಅಂದುಬಿಟ್ಟೆ. ಆ ಹಾರ್ಡ್‌ವೇರ್ ಮಾಡಿದವರು ನನ್ನ ಪಕ್ಕದಲ್ಲೇ ನಿಂತಿದ್ದರು.

ಈಗ ನನಗೆ ಕೆಲಸವಿಲ್ಲ, ಪುರುಸೊತ್ತಿದೆ. ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಸೇರಿದ ಮಕ್ಕಳು ಸಿಕ್ಕಾಗಲೆಲ್ಲ “ಅಂಕಲ್, ಆಗ ಹೆಂಗಿತ್ತು?” ಎಂದು ಕೇಳುತ್ತಾರೆ. ನಾನು ಯಾವ ವರ್ಷ ಸೀನಿಯರ್ ಆದೆ, ಯಾವ ವರ್ಷ ಮ್ಯಾನೇಜರ್ ಆದೆ ಅನ್ನುವುದು ನನಗೇ ನೆನಪಿಲ್ಲ. ಈ ಜೋಕು ಮಾತ್ರ ಅಕ್ಷರ ಅಕ್ಷರ ನೆನಪಿದೆ. ಹಾಗಾಗಿ ಅದನ್ನೇ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ನಮ್ಮದೊಂದು ತಗಡಿನ ಶೆಡ್ಡು. ಎಡಕ್ಕೆ ಲೇತ್ ವರ್ಕ್‌ಶಾಪು, ಹಿಂದೆ ಅಗರಬತ್ತಿ ಮಾಡುವವರು. ಹೀಗಾಗಿ ನಮ್ಮ ಕಂಪ್ಯೂಟರುಗಳಿಗೆ ದಿನವಿಡೀ ಮಂಗಳವಾದ್ಯವೂ ಧೂಪವೂ ತಪ್ಪುತ್ತಿರಲಿಲ್ಲ. ಕಂಪನಿ ಹೊನ್ನಪ್ಪ ಸಾರ್ ಅವರದು. ಬ್ಯಾಡರಹಳ್ಳಿಯಲ್ಲಿ ಅವರ ಮನೆಯವರು ಆಗಲೂ ರಾಗಿ, ಅವರೆ ಬೆಳೆಯುತ್ತಿದ್ದರು. ಸಾರ್ ಇಂಜಿನಿಯರಿಂಗ್ ಓದಿ, ವೋಲ್ಟೇಜ್ ಸ್ಟೆಬಿಲೈಸರ್ ಮಾಡಿ ಮಾರಿ, ಆಮೇಲೆ ಕಂಪ್ಯೂಟರಿಗೆ ಕೈ ಹಾಕಿದ್ದರು. ಅವರೆಕಾಯಿ ಕಾಲದಲ್ಲಿ ಆಫೀಸಿಗೆ ಚೀಲಗಟ್ಟಲೆ ತಂದು ಸುರಿಯುತ್ತಿದ್ದರು. ನಾವು ಮೀಟಿಂಗಿನಲ್ಲಿ ಕಾಳು ಬಿಡಿಸುತ್ತಲೇ ತಾಂತ್ರಿಕ ವಿಷಯ ಮಾತಾಡುತ್ತಿದ್ದೆವು. ಆಮೇಲೆ ಎಷ್ಟೋ ಹವಾನಿಯಂತ್ರಿತ ಕೋಣೆಗಳಲ್ಲಿ ಮೀಟಿಂಗಿಗೆ ಕೂತಿದ್ದೇನೆ. ಅಷ್ಟು ಉಪಯೋಗವಾದ ಮೀಟಿಂಗುಗಳನ್ನು ಮತ್ತೆ ಕಾಣಲಿಲ್ಲ.

ನನ್ನನ್ನು ಅವರು ಕೆಲಸಕ್ಕೆ ತೆಗೆದುಕೊಂಡದ್ದೇ ಒಂದು ಪವಾಡ. ಸಂದರ್ಶನದಲ್ಲಿ “ಸೋಲ್ಡರ್ ಮಾಡೋಕ್ ಬರತ್ತಾ?” ಎಂದು ಕೇಳಿದರು. ಬರುತ್ತೆ ಅಂದೆ. ಬೆಸುಗೆ ಹಾಕುವ ಕಾದ ಕಡ್ಡಿ ಕೈಗೆ ಕೊಟ್ಟರು. ಅದನ್ನು ಪೆನ್ನು ಹಿಡಿಯುವಷ್ಟು ಕೆಳಗೆ ಹಿಡಿಯಬಾರದು ಅನ್ನುವುದು ನನಗೆ ಆಗ ಗೊತ್ತಾಯಿತು. ನಾನು ಕಿರುಚಿದ್ದಕ್ಕೆ ಲೇತ್ ವರ್ಕ್‌ಶಾಪಿನವರು ಮೆಷಿನ್ ನಿಲ್ಲಿಸಿ ಓಡಿ ಬಂದರು. ಹೊನ್ನಪ್ಪ ಸಾರ್ ನನ್ನ ಬೆರಳಿಗೆ ತಣ್ಣೀರು ಹಾಕುತ್ತಾ, “ಹಾರ್ಡ್‌ವೇರ್‌ಗೆ ಬ್ಯಾಡ ಕಣ್ಲಾ ನೀನು. ಸಾಫ್ಟ್‌ವೇರ್ ಮಾಡು, ಸುಡಾಕಿಲ್ಲ” ಅಂದರು. ನನ್ನ ವೃತ್ತಿ ನಿರ್ಧಾರವಾದದ್ದು ಹೀಗೆ.

ಹಾರ್ಡ್‌ವೇರ್ ಅಂದರೆ ವಸಂತಾ ಮೇಡಂ. ವಿಜಯನಗರದಿಂದ ಬರುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಸ್ಟೆಬಿಲೈಸರ್ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿ, “ಸಾರ್, ನೆಟ್‌ವರ್ಕ್ ಕಾರ್ಡ್ ನಾವೇ ಮಾಡ್ಬೋದು” ಎಂದು ಬೆನ್ನು ಬಿದ್ದು, ಹೊನ್ನಪ್ಪ ಸಾರ್ ಅವರನ್ನು ಒಪ್ಪಿಸಿದ್ದರು. ಎರಡು ಕಂಪ್ಯೂಟರುಗಳ ನಡುವೆ ಒಂದು ದಪ್ಪ ಕೇಬಲ್ ಎಳೆದು, ಇಲ್ಲಿಂದ ಅಲ್ಲಿಗೆ ಮಾಹಿತಿ ಕಳಿಸುವ ಈಥರ್ನೆಟ್ ಕಾರ್ಡು ಅದು. ಹೊರದೇಶದಿಂದ ತರಿಸುವುದು ಬಿಟ್ಟು ಅದನ್ನು ರಾಜಾಜಿನಗರದ ಶೆಡ್ಡಿನಲ್ಲಿ ಮಾಡುತ್ತೇವೆ ಅನ್ನುವುದೇ ಆಗ ಹುಚ್ಚು ಮಾತು. ಮೇಡಂ ಆ ಹುಚ್ಚನ್ನು ಎರಡು ವರ್ಷ ಸಾಕಿದ್ದರು.

ಅವರು ನನ್ನ ಜೋಕುಗಳಿಗೆ ನಗುತ್ತಿರಲಿಲ್ಲ. ನಾನೂ ಬಿಡುತ್ತಿರಲಿಲ್ಲ. ಒಂದಕ್ಕೆ ನಗಲಿಲ್ಲವೆಂದರೆ ತಕ್ಷಣ ಇನ್ನೊಂದು, ಅದರ ಬಾಲಕ್ಕೆ ಮತ್ತೊಂದು.

ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಅದರ ಕೆಲಸ ಕೇಳಲು ಸುಲಭ. ಮೊದಲು ಕಾರ್ಡಿಗೆ ರೀಸೆಟ್ ಕೊಡಬೇಕು. ಹಿಂದಿನದೆಲ್ಲ ಮರೆತುಬಿಡು, ಹೊಸದಾಗಿ ಶುರು ಮಾಡು ಎಂದು ಹೇಳಿದಂತೆ ಅದು. ಆಮೇಲೆ ರೀಸೆಟ್ ಬಿಟ್ಟು, ಇಂತಿಂಥ ಕೆಲಸ ಮಾಡು ಎಂದು ಅಪ್ಪಣೆ ಕೊಡಬೇಕು. ಕಾರ್ಡಿನ ಮೇಲಿನ ಚಿಪ್ಪು ತಾನಾಗಿ ಹೆಜ್ಜೆ ಇಡುವುದಿಲ್ಲ. ಅದಕ್ಕೊಂದು ಕ್ಲಾಕ್ ಬೇಕು. ಶಾಲೆಯಲ್ಲಿ ಪಿ.ಟಿ. ಮೇಷ್ಟರು ಸೀಟಿ ಊದಿದಂತೆಲ್ಲ ನಾವು ಎಡ, ಬಲ ಅನ್ನುತ್ತಿದ್ದೆವಲ್ಲ, ಹಾಗೆ. ಸೀಟಿ ಊದುವುದು ಬೆರಳುಗುರಿನಷ್ಟು ದೊಡ್ಡ ಒಂದು ಕ್ರಿಸ್ಟಲ್. ಸೀಟಿ ತಪ್ಪಿದರೆ ಮಕ್ಕಳು ಒಬ್ಬರ ಕಾಲು ಒಬ್ಬರು ತುಳಿಯುತ್ತಾರೆ. ಚಿಪ್ಪೂ ಅಷ್ಟೇ.

ಡ್ರೈವರ್ ಬರೆಯುವಾಗ ಅದು ಎಲ್ಲಿಯವರೆಗೆ ಬಂತು ಅಂತ ತಿಳಿಯಲು ನಡುನಡುವೆ ಪರದೆಯ ಮೇಲೆ ಒಂದೊಂದು ಸಾಲು ಬರುವಂತೆ ಮಾಡುತ್ತೇವೆ. ಮರ್ಯಾದಸ್ಥರು ‘ಒಂದನೇ ಹಂತ’, ‘ಎರಡನೇ ಹಂತ’ ಎಂದು ಬರೆಯುತ್ತಾರೆ. ನಾನು ರೀಸೆಟ್ ಬಿಟ್ಟ ಜಾಗದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಹೀಗೆ ಬರೆದಿದ್ದೆ: ‘ಏಳಪ್ಪಾ ರಾಜ, ಕಾಫಿ ಆರಿಹೋಗ್ತಿದೆ, ವಸಂತಾ ಮೇಡಂ ಬರೋ ಮುಂಚೆ ಎದ್ದು ಕೂತ್ಕೋ.’ ದಿನಾ ಬೆಳಿಗ್ಗೆ ನಮ್ಮಮ್ಮ ನನ್ನನ್ನು ಎಬ್ಬಿಸುವ ಮಾತೇ ಅದು. ಮೇಡಂ ಹೆಸರು ಮಾತ್ರ ನಾನು ಸೇರಿಸಿದ್ದು. ಕಾರ್ಡು ಪ್ರತಿ ಸಲವೂ ಈ ಸಾಲು ಕಾಣಿಸಿದ ಮೇಲೆ ಸರಿಯಾಗಿ ಎದ್ದು ಕೂರುತ್ತಿತ್ತು. ತಿಂಗಳುಗಟ್ಟಲೆ ಒಂದು ದಿನವೂ ತಪ್ಪಿರಲಿಲ್ಲ. ನನ್ನ ಡ್ರೈವರಿನ ಮೇಲೆ ನನಗೆ ಎಷ್ಟು ಹೆಮ್ಮೆ ಇತ್ತೆಂದರೆ, ವಸಾಹತಿನ ಟೀ ಅಂಗಡಿಯವನಿಗೂ ಅದರ ಬಗ್ಗೆ ಪಾಠ ಮಾಡಿದ್ದೆ.

ಕೆಂಗೇರಿ ಕಡೆಯ ಒಂದು ಪಂಪ್‌ಸೆಟ್ ಕಾರ್ಖಾನೆಯವರು ನಮ್ಮ ಮೊದಲ ಗಿರಾಕಿ. ಅವರ ಉಗ್ರಾಣದ ಕಂಪ್ಯೂಟರನ್ನು ಆಫೀಸಿನ ಕಂಪ್ಯೂಟರಿಗೆ ಜೋಡಿಸಬೇಕಿತ್ತು. ಉಗ್ರಾಣ ನೋಡಿಕೊಳ್ಳುತ್ತಿದ್ದ ರಾಮರಾವ್ ಎಂಬ ಹಿರಿಯರು ಮೊದಲು ನಮ್ಮ ಶೆಡ್ಡಿಗೇ ಬಂದು ನೋಡುತ್ತೇನೆ ಅಂದರು. ಅವತ್ತು ಬೆಳಿಗ್ಗೆ ಹೊನ್ನಪ್ಪ ಸಾರ್ ನನ್ನ ಹೆಗಲ ಮೇಲಿಂದ ಪರದೆ ನೋಡಿ ಬೆಚ್ಚಿದರು.

“ಇದೇನ್ಲಾ ಕಾಫಿ ಗೀಫಿ? ದೊಡ್ ಮನ್ಷ ಬರ್ತಾವ್ರೆ. ತೆಗಿ ಮೊದ್ಲು.”

“ಸಾರ್, ಅದು ಅದೃಷ್ಟದ ಸಾಲು.”

“ನಿನ್ನ ಅದೃಷ್ಟ ಮನೇಲಿಟ್ಕೊ. ತೆಗೀಲಾ.”

ತೆಗೆದೆ. ಒಂದು ಸಲ ಓಡಿಸಿ ನೋಡಿದೆನೇ? ಇಲ್ಲ. ಬರೀ ಮಾತು ತೆಗೆದದ್ದು, ಅದರಲ್ಲಿ ನೋಡುವುದೇನು ಅಂದುಕೊಂಡೆ. ಮಕ್ಕಳೇ, ಈ ಇಡೀ ಲೇಖನದಲ್ಲಿ ಒಂದೇ ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಆ ‘ನೋಡುವುದೇನು’ ಅನ್ನುವುದನ್ನು ಇಟ್ಟುಕೊಳ್ಳಿ.

ಆಮೇಲಿನದು ಗೊತ್ತೇ ಇದೆ. ಕಾರ್ಡು ಏಳಲಿಲ್ಲ. ನಾನು ಹಾರ್ಡ್‌ವೇರ್ ಅಂದೆ. ಇನ್ನೊಂದು ಮಾತನ್ನೂ ಸೇರಿಸಿದೆ: “ಕಾರ್ಡ್ ರಜೆ ಹಾಕಿದೆ ಅನ್ಸತ್ತೆ ಸಾರ್.” ಯಾರೂ ನಗಲಿಲ್ಲ. ರಾಮರಾವ್ ಕನ್ನಡಕ ತೆಗೆದು ಒರೆಸಿ, “ನೋಡಿ ಹೊನ್ನಪ್ಪನೋರೆ, ಸೋಮವಾರ ನಮ್ಮಲ್ಲಿಗೆ ಬಂದು ಹಾಕಿ ತೋರ್ಸಿ. ಆಗ್ಲಿಲ್ಲಾಂದ್ರೆ ನಾವು ಫಾರಿನ್ ಕಾರ್ಡೇ ತರಿಸ್ಕೋತೀವಿ. ಬೇಜಾರು ಮಾಡ್ಕೋಬೇಡಿ” ಎಂದು ಎದ್ದರು.

ಅವರ ಸ್ಕೂಟರಿನ ಸದ್ದು ಮರೆಯಾದ ಮೇಲೆ ಹೊನ್ನಪ್ಪ ಸಾರ್ ಮೆಲ್ಲಗೆ ಹೇಳಿದರು: “ವಸಂತಾ, ಸೋಮವಾರ ಆಗ್ಲಿಲ್ಲ ಅಂದ್ರೆ ಕಾರ್ಡ್ ಇಲ್ಲಿಗೇ ಬಿಟ್ಬುಡಾಣ ಕಣಮ್ಮ. ನೀನು ವಾಪಸ್ ಸ್ಟೆಬಿಲೈಸರ್ ನೋಡ್ಕೋ. ಅದಾದ್ರೆ ನಮಗ್ ಗೊತ್ತಿರೋ ಕೆಲ್ಸ.”

ಮೇಡಂ “ಆಯ್ತು ಸಾರ್” ಅಂದರು, ಅಷ್ಟೇ. ಅವರು ನನಗೆ ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮುಂದಿನ ಕೆಲವು ದಿನಗಳು ನಾವಿಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತು ಎರಡು ದೇಶಗಳ ಹಾಗೆ ಬದುಕಿದೆವು. ಅವರು ವಿದ್ಯುತ್ತಿನ ಏರಿಳಿತವನ್ನು ಅಲೆಯಾಗಿ ತೋರಿಸುವ ಅಸಿಲೋಸ್ಕೋಪಿನ ಕಡ್ಡಿಯನ್ನು ಚಿಪ್ಪಿನ ಕಾಲಿಗೆ ತಾಗಿಸಿ, “ಕ್ಲಾಕ್ ಬರ್ತಿದೆ ನೋಡು. ಅಲೆ ಕಾಣ್ತಿದೆ ತಾನೆ? ಸರಿಯಾಗಿದೆ” ಅನ್ನುತ್ತಿದ್ದರು. ನಾನು ನನ್ನ ಡ್ರೈವರನ್ನು ಸಾಲು ಸಾಲಾಗಿ ಓದಿ ತೋರಿಸಿ, “ಇದೂ ಸರಿಯಾಗೇ ಇದೆ ಮೇಡಂ” ಅನ್ನುತ್ತಿದ್ದೆ. ಎರಡೂ ಸರಿಯಾಗಿತ್ತು. ಕಾರ್ಡು ಮಾತ್ರ ಸತ್ತಿತ್ತು. ಅಳಿಸಿದ ಜೋಕು ಬರೀ ಮಾತು, ಅದರ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಕ್ರಿಸ್ಟಲ್ ಬದಲಾಯಿಸಿದೆವು, ಕೇಬಲ್ ಬದಲಾಯಿಸಿದೆವು, ಚಿಪ್ಪು ಬದಲಾಯಿಸಿದೆವು. ಚಿಪ್ಪು ಕೀಳುವಾಗ ನಾನು ಅದರ ಮೂರು ಕಾಲು ಮುರಿದೆ. ಮೇಡಂ ನನ್ನ ಕೈಯಿಂದ ಇಕ್ಕಳ ಕಿತ್ತುಕೊಂಡು, “ನೀನು ಆ ಕಡೆ ಕೂತ್ಕೋ. ಉಸಿರೂ ಆ ಕಡೆಗೇ ಬಿಡು” ಅಂದರು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಅವರು ತಮ್ಮ ಮೇಜಿನ ಮೇಲಿನ ಸಾಮಾನುಗಳನ್ನು ಡಬ್ಬಕ್ಕೆ ತುಂಬತೊಡಗಿದರು. ಸ್ಟೆಬಿಲೈಸರ್ ವಿಭಾಗ ಶೆಡ್ಡಿನ ಆ ತುದಿಯಲ್ಲಿತ್ತು. ಮೂವತ್ತು ಹೆಜ್ಜೆಯೂ ಇಲ್ಲ. ಆದರೂ ನನಗೆ ನೋಡುತ್ತ ಕೂರಲಾಗಲಿಲ್ಲ. ಕ್ಷಮೆ ಕೇಳಲು ನನಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ಜೋಕು ಒಂದೇ. ಸರಿ, ಡ್ರೈವರಿನಲ್ಲಿ ಅಳಿಸಿದ್ದ ಜಾಗಕ್ಕೆ ಹೊಸ ಸಾಲು ಬರೆದೆ: ‘ಏಳಪ್ಪಾ ರಾಜ, ಕಾಫಿ ಆರಿಹೋಗ್ತಿದೆ, ಮೇಡಂ ಕೋಪ ಮಾಡ್ಕೊಂಡಿದಾರೆ, ನಾನೊಬ್ಬ ಕತ್ತೆ.’ ಅವರು ಈ ಕಡೆ ತಿರುಗಿದಾಗ ಕಾಣಲಿ ಎಂದು ಓಡಿಸಿದೆ.

ಸಾಲು ಬಂತು. ಅದರ ಹಿಂದೆಯೇ ಆಚೆ ಮೇಜಿನ ಕಂಪ್ಯೂಟರಿನಿಂದ ಉತ್ತರಗಳು ಬರತೊಡಗಿದವು.

“ಮೇಡಂ, ಎದ್ದಿದೆ.”

“ಏನ್ ಮಾಡ್ದೆ?”

“ಏನೂ ಮಾಡಿಲ್ಲ.”

“ಏನೂ ಮಾಡ್ದೆ ಏಳತ್ತೇನೋ? ನಿಜ ಹೇಳು.”

ಬಂದು ಪರದೆ ಓದಿದರು. ಕತ್ತೆ ಅನ್ನುವಲ್ಲಿಗೆ ಬಂದಾಗ ತಲೆಯಾಡಿಸಿ ಒಪ್ಪಿಕೊಂಡಂತೆ ಕಂಡಿತು. ಆಮೇಲೆ, “ಆ ಸಾಲು ತೆಗಿ” ಅಂದರು. ತೆಗೆದು ಓಡಿಸಿದೆ. ಸತ್ತಿತು. “ಹಾಕು.” ಹಾಕಿದೆ. ಬದುಕಿತು.

“ಮೇಡಂ, ಕಾರ್ಡಿಗೆ ಹಾಸ್ಯಪ್ರಜ್ಞೆ ಇದೆ.”

“ಅದಿದ್ದಿದ್ರೆ ನಿನ್ ಜೋಕಿಗೆ ಏಳ್ತಿರ್ಲಿಲ್ಲ. ಅಷ್ಟೇ ಉದ್ದಕ್ಕೆ ಬರೀ ಚುಕ್ಕಿ ಹಾಕು.”

ಚುಕ್ಕಿಗೂ ಎದ್ದಿತು. ಅರ್ಧ ಸಾಲು ಹಾಕಿದಾಗ ಒಮ್ಮೆ ಎದ್ದಿತು, ಒಮ್ಮೆ ಇಲ್ಲ. ‘ಏಳಪ್ಪಾ’ ಅಂತ ಒಂದೇ ಪದ ಹಾಕಿದಾಗ ಏಳಲೇ ಇಲ್ಲ. ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಅವರ ಮುಖ ಬೇರೆಯೇ ಆಗಿತ್ತು.

“ಜೋಕಲ್ಲ ಕಣೋ. ಜೋಕು ಪರದೆ ಮೇಲೆ ಬರೋಕೆ ಹಿಡಿಯೋ ಹೊತ್ತು.”

ಆಗಿನ ಪರದೆಗಳು ಒಂದೊಂದೇ ಅಕ್ಷರ ಇಳಿಸುತ್ತಿದ್ದವು. ಪೂರ್ತಿ ಸಾಲು ಬರುವವರೆಗೆ ನನ್ನ ಡ್ರೈವರ್ ಅಲ್ಲೇ ಕೈಕಟ್ಟಿ ನಿಂತಿರುತ್ತಿತ್ತು. ಮನುಷ್ಯರ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸುವಷ್ಟು. ಚಿಪ್ಪಿನ ಲೆಕ್ಕದಲ್ಲಿ ಒಂದು ಯುಗ. ಆ ಯುಗದಲ್ಲಿ ಒಳಗೆ ಏನಾಗುತ್ತಿತ್ತು ಅನ್ನುವುದನ್ನು ನೋಡಬೇಕಿತ್ತು. ನಮ್ಮ ಅಸಿಲೋಸ್ಕೋಪು ಹಳೆಯದು. ಒಮ್ಮೆ ಆಗಿ ಮಾಯವಾಗುವುದನ್ನು ಹಿಡಿದಿಟ್ಟು ತೋರಿಸುತ್ತಿರಲಿಲ್ಲ. ಅದಕ್ಕೇ ಅಷ್ಟು ದಿನ ನಾವು ನೋಡಿದ್ದು ಎಲ್ಲ ಸ್ಥಿರವಾದ ಮೇಲಿನ ಅಲೆಯನ್ನು. ಸೀಟಿ ಸರಿಯಾಗಿ ಊದಲು ಶುರುವಾದ ಮೇಲೆ ಬಂದು, ಸೀಟಿ ಸರಿಯಾಗಿದೆ ಎನ್ನುತ್ತಿದ್ದೆವು.

“ನೀನು ರೀಸೆಟ್ ಕೊಡೋದು, ಬಿಡೋದು, ಕೊಡೋದು, ಬಿಡೋದು, ಅದನ್ನೇ ಮಾಡ್ತಿರೋ ಹಾಗೆ ಒಂದು ಪ್ರೋಗ್ರಾಂ ಬರಿ” ಅಂದರು ಮೇಡಂ. “ಮತ್ತೆ ಮತ್ತೆ ಆಗ್ತಿದ್ರೆ ಗೆರೆ ನಿಂತ್ಕೊಳತ್ತೆ, ನಾನು ನೋಡ್ತೀನಿ.”

ಬರೆದೆ. ಗೆರೆ ನಿಂತಿತು. ಆದರೆ ತೀರ ಮಂಕಾಗಿ. ತಗಡಿನ ಸಂದಿಯಿಂದ ಬರುವ ಬಿಸಿಲಿಗೆ ಕಾಣುತ್ತಲೇ ಇರಲಿಲ್ಲ. ಮೇಡಂ ತಮ್ಮ ಕಪ್ಪು ಕೊಡೆ ಬಿಚ್ಚಿ ಅಸಿಲೋಸ್ಕೋಪಿನ ಮೇಲೆ ಹಿಡಿದರು. ನಾವಿಬ್ಬರೂ ಅದರೊಳಗೆ ತಲೆ ತೂರಿಸಿದೆವು. ಸರಿಯಾಗಿ ಆ ಹೊತ್ತಿಗೆ ಹೊನ್ನಪ್ಪ ಸಾರ್ ಒಳಗೆ ಬಂದರು. ಮಟಮಟ ಮಧ್ಯಾಹ್ನ, ಸೂರಿನ ಕೆಳಗೆ, ಒಂದೇ ಕೊಡೆಯಲ್ಲಿ ಇಬ್ಬರು ಇಂಜಿನಿಯರುಗಳು.

“ಸೋರ್ತಾ ಐತೇನಮ್ಮಾ?” ಅಂದರು.

“ಬನ್ನಿ ಸಾರ್, ನೋಡಿ” ಎಂದು ಮೇಡಂ ಕೊಡೆ ಎತ್ತಿದರು. ಸಾರ್ ಕೂಡ ತಲೆ ಹಾಕಿದರು. ಒಂದು ಕೊಡೆ, ಮೂರು ತಲೆ.

ಆ ಹಸಿರು ಪರದೆಯಲ್ಲಿ ಕಂಡದ್ದನ್ನು ನಾನು ಮರೆತಿಲ್ಲ. ರೀಸೆಟ್ ಬಿಟ್ಟ ಗಳಿಗೆಯಲ್ಲಿ ಬರೀ ಮಲಗಿದ ಗೆರೆ. ಆಮೇಲೆ ಸಣ್ಣ ನಡುಕ. ನಡುಕ ಹಿಗ್ಗಿ ಗಿಡ್ಡ ಅಲೆಯಾಗಿ, ಒಂದು ದೊಡ್ಡದು ಒಂದು ಚಿಕ್ಕದಾಗಿ ತೊದಲಿ, ನಿಧಾನಕ್ಕೆ ಮೈತುಂಬಿಕೊಂಡು, ಕೊನೆಗೆ ಎಲ್ಲ ಒಂದೇ ಎತ್ತರಕ್ಕೆ ಬಂದು ನಿಂತವು. ರೀಸೆಟ್ ಇದ್ದಾಗ ಕ್ರಿಸ್ಟಲ್ ಕೂಡ ನಿಂತಿರುತ್ತಿತ್ತು. ಬಿಟ್ಟ ಮೇಲೆ ಅದು ಎದ್ದು, ಮೈಮುರಿದು, ತಾಳಕ್ಕೆ ಬರಬೇಕಿತ್ತು. ಜೋಕು ಇಲ್ಲದ ನನ್ನ ಡ್ರೈವರ್ ಅದರ ತೊದಲಿನ ನಡುವೆಯೇ ಅಪ್ಪಣೆ ಕೊಟ್ಟುಬಿಡುತ್ತಿತ್ತು. ಚಿಪ್ಪು ಎಡವಿ ಬಿದ್ದರೆ ಮತ್ತೆ ಏಳುತ್ತಿರಲಿಲ್ಲ.

“ರೀಸೆಟ್ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೆಲ್ಸ ಹೇಳು ಅಂದಿದ್ದೆ, ನೆನಪಿದ್ಯಾ?” ಎಂದು ಮೇಡಂ ಕೇಳಿದರು.

ನೆನಪಾಯಿತು. ಅವರು ಅದನ್ನು ಹೇಳಿದ್ದು ಊಟದ ಹೊತ್ತಿನಲ್ಲಿ. ಅವರ ಮಾತು ಮುಗಿಯುವ ಮೊದಲೇ ನಾನು ಅವರ ಡಬ್ಬಿಯ ಚಪಾತಿಯ ಬಗ್ಗೆ ಒಂದು ಜೋಕು ಹೊಡೆದಿದ್ದೆ.

ಸೋಮವಾರಕ್ಕೆ ಮೊದಲು ನಾನು ಜೋಕು ತೆಗೆದು, ಅದರ ಜಾಗದಲ್ಲಿ ಸುಮ್ಮನೆ ಒಂದರಿಂದ ದೊಡ್ಡ ಸಂಖ್ಯೆಯವರೆಗೆ ಎಣಿಸುವ ಸಾಲು ಹಾಕಿದೆ. ಕಣ್ಣಾಮುಚ್ಚಾಲೆಯಲ್ಲಿ ಎಣಿಸುತ್ತೇವಲ್ಲ, ಅದೇ. ಎಣಿಸಿ ಮುಗಿಸುವಷ್ಟರಲ್ಲಿ ಕ್ರಿಸ್ಟಲ್ ಸಿದ್ಧವಾಗಿರುತ್ತಿತ್ತು. ಈ ಸಲ ಓಡಿಸಿ ನೋಡಿದೆ. ಹತ್ತಾರು ಸಲ ನೋಡಿದೆ. ಪ್ರತಿ ಸಲ ಎದ್ದಿತು. ಹೊನ್ನಪ್ಪ ಸಾರ್ ಅವರ ವ್ಯಾನಿನಲ್ಲಿ ಕೇಬಲ್ ಸುರುಳಿಯ ಮೇಲೆ ಕೂತು ಮೈಸೂರು ರಸ್ತೆ ಹಿಡಿದಾಗ ನಾನು ಗಂಧರ್ವನ ಹಾಗೆ ತೇಲುತ್ತಿದ್ದೆ. ರಸ್ತೆ ಪಕ್ಕ ಹರಿಯುವ ಕೊಳಕು ವೃಷಭಾವತಿಯ ವಾಸನೆ ಕೂಡ ಹಿತವಾಗಿತ್ತು.

ಕೆಂಗೇರಿಯ ಕಾರ್ಖಾನೆಯಲ್ಲಿ ಕಾರ್ಡು ಹಾಕಿದೆವು, ಕೇಬಲ್ ಎಳೆದೆವು, ಓಡಿಸಿದೆ. ಏಳಲಿಲ್ಲ.

ಮತ್ತೆ ಓಡಿಸಿದೆ. ಇಲ್ಲ. ರಾಮರಾವ್ ಕನ್ನಡಕ ತೆಗೆದರು. ಹೊನ್ನಪ್ಪ ಸಾರ್ ಕಿಟಕಿಯಾಚೆ ನೋಡಿದರು.

“ಏನ್ರೀ, ಮತ್ತೆ ಹಾರ್ಡ್‌ವೇರಾ?” ಅಂದರು ರಾಮರಾವ್. ಎಲ್ಲರ ಕಣ್ಣೂ ಮೇಡಂ ಮೇಲೆ ಹೋಯಿತು. ಅವರು ಚೀಲದಿಂದ ಇಕ್ಕಳ ತೆಗೆಯುತ್ತಿದ್ದರು. ಕಾರ್ಡು ಬಿಚ್ಚಿ ಹೊರಗೆ ತೆಗೆಯುವುದಕ್ಕೆ.

ನಾನು ಪರದೆ ನೋಡಿದೆ. ಅದು ನಮ್ಮ ಕಂಪ್ಯೂಟರ್ ಅಲ್ಲ. ಕಾರ್ಖಾನೆಯವರು ಹೊಸದಾಗಿ ಕೊಂಡ, ನಮ್ಮದಕ್ಕಿಂತ ಎಷ್ಟೋ ಚುರುಕಾದ ಕಂಪ್ಯೂಟರ್. ನಮ್ಮ ಶೆಡ್ಡಿನ ಮುದುಕ ಕಂಪ್ಯೂಟರ್ ಗೊಣಗುತ್ತಾ ಎಣಿಸುತ್ತಿದ್ದುದನ್ನು ಇದು ಒಂದೇ ಉಸಿರಿಗೆ ಎಣಿಸಿ ಮುಗಿಸಿ, ಕ್ರಿಸ್ಟಲ್ ಇನ್ನೂ ಕಣ್ಣುಜ್ಜುತ್ತಿರುವಾಗಲೇ ಅಪ್ಪಣೆ ಕೊಟ್ಟುಬಿಟ್ಟಿತ್ತು. ಗೊತ್ತಾದ ಕೂಡಲೇ ಕಿವಿಯವರೆಗೂ ಬಿಸಿಯಾಯಿತು. ಬಾಯಿಗೆ ಎರಡು ಜೋಕು ಬಂದವು, ನುಂಗಿಕೊಂಡೆ.

“ಇಲ್ಲ ಸಾರ್, ಕಾರ್ಡ್ ಸರಿಯಾಗಿದೆ. ತಪ್ಪು ನಂದು. ಹೋದ ಸಲಾನೂ ನಂದೇ.”

“ಹೋದ ಸಲ ಹಾರ್ಡ್‌ವೇರ್ ಅಂದ್ರಲ್ಲ?”

“ನೋಡ್ದೇನೇ ಅಂದ್ಬಿಟ್ಟೆ ಸಾರ್. ಮೇಡಂ ಮಾಡಿರೋದ್ರಲ್ಲಿ ಏನೂ ಐಬಿಲ್ಲ.”

ಆಮೇಲೆ ಕಾಫಿಯ ಸಾಲಿನಿಂದ ಹಿಡಿದು ಕೊಡೆಯವರೆಗೆ ಎಲ್ಲ ಹೇಳಿದೆ. ಹೊನ್ನಪ್ಪ ಸಾರ್ ಹಣೆಯ ಮೇಲೆ ಕೈ ಇಟ್ಟುಕೊಂಡರು. ರಾಮರಾವ್ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಗಿರಾಕಿಯಾದವರು ಅಷ್ಟು ತಾಳ್ಮೆಯಿಂದ ಕೇಳಿದ್ದನ್ನು ನಾನು ಆಮೇಲೆ ಹೆಚ್ಚು ಸಲ ಕಂಡಿಲ್ಲ.

“ಸರಿ. ಸರಿಮಾಡೋಕೆ ಎಷ್ಟೊತ್ತು ಬೇಕು?”

“ಒಂದು ಕಾಫಿ ಕುಡಿಯೋಷ್ಟು ಸಾರ್.”

“ಬರ್ಲಿ ಬಿಡಿ” ಎಂದು ಅವರು ಎಲ್ಲರಿಗೂ ಕಾಫಿ ಹೇಳಿದರು.

ಎಣಿಸುವುದನ್ನು ತೆಗೆದೆ. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ವೇಗದಲ್ಲಿ ಮಿಡಿಯುವ ಒಂದು ಗಡಿಯಾರ ಇರುತ್ತದೆ. ಕೆಲಸಗಾರ ಎಷ್ಟೇ ಚುರುಕಾಗಿದ್ದರೂ ಗೋಡೆಯ ಗಡಿಯಾರ ಬೇಗ ಓಡುವುದಿಲ್ಲವಲ್ಲ. ಅದರ ಮಿಡಿತ ನೋಡಿಕೊಂಡು ಕಾಯುವಂತೆ ಬರೆದೆ. ಎಷ್ಟು ಮಿಡಿತ ಎಂದು ಮೇಡಂ ಹೇಳಿದರು. ಈ ಸಲ ಅವರ ಮಾತು ಮುಗಿಯುವವರೆಗೂ ಕೇಳಿಸಿಕೊಂಡೆ. ಹೊಸ ಡ್ರೈವರ್ ಜೋಡಿಸಿಕೊಂಡು ಕಂಪ್ಯೂಟರ್ ಮತ್ತೆ ಶುರುವಾಗಲು ಆ ಕಾಲದಲ್ಲಿ ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ, ಕಾಫಿ ನಿಜವಾಗಿಯೂ ಆರಿಹೋಯಿತು. ನಾಲ್ಕು ಲೋಟಗಳೂ ಕೆನೆಗಟ್ಟಿದವು. ಯಾರೂ ಮುಟ್ಟಲಿಲ್ಲ.

ಕಾರ್ಡು ಎದ್ದಿತು. ಉಗ್ರಾಣದಲ್ಲಿ ಎಷ್ಟು ಬೇರಿಂಗು, ಎಷ್ಟು ವಾಷರು ಇವೆ ಅನ್ನುವುದು ಆಫೀಸಿನ ಪರದೆಯ ಮೇಲೆ ಸಾಲಾಗಿ ಇಳಿಯಿತು. ರಾಮರಾವ್ ಕಂಪ್ಯೂಟರ್ ಆರಿಸಿ ಹೊತ್ತಿಸಿ, ಆರಿಸಿ ಹೊತ್ತಿಸಿ ನೋಡಿದರು. ಪ್ರತಿ ಸಲ ಎದ್ದಿತು.

“ಆ ಕಾಫಿ ಸಾಲು ವಾಪಸ್ ಹಾಕಿ ಕೊಡಿ” ಅಂದರು ಕೊನೆಗೆ. “ಮೇಡಂ ಹೆಸ್ರು ತೆಗ್ದು ನನ್ನ ಹೆಸ್ರು ಹಾಕಿ. ನಮ್ಮ ಉಗ್ರಾಣದ ಹುಡುಗ್ರೂ ಏಳ್ಲಿ.”

ಹೊನ್ನಪ್ಪ ಸಾರ್ ಸ್ಟೆಬಿಲೈಸರ್ ಮಾತನ್ನು ಮತ್ತೆ ಎತ್ತಲಿಲ್ಲ. ಮಾರನೇ ದಿನ ಅವರೇ ಮೇಡಂ ಸಾಮಾನಿನ ಡಬ್ಬವನ್ನು ಹೊತ್ತು ತಂದು ಹಳೆಯ ಮೇಜಿನ ಮೇಲೆ ಇಟ್ಟರು. ನನಗೆ ಒಂದು ಬೈಗುಳವೂ ಬರಲಿಲ್ಲ. ಅದೇ ಅವರ ದೊಡ್ಡ ಉಪಕಾರ. ಬೈದಿದ್ದರೆ ನಾನು ಮುಂದಿನ ತಪ್ಪನ್ನು ಬಚ್ಚಿಡುವುದು ಕಲಿಯುತ್ತಿದ್ದೆ.

ಈಗ ಒಳಗೆ ಏನಾಗುತ್ತಿದೆ ಎಂದು ನೋಡಲು ಎಂತೆಂಥ ಉಪಕರಣಗಳಿವೆ. ಕೊಡೆ ಬೇಕಿಲ್ಲ. ಚಿಪ್ಪುಗಳೂ ‘ನನ್ನ ಕ್ಲಾಕ್ ಸಿದ್ಧ’ ಎಂದು ತಾವೇ ಹೇಳುತ್ತವೆ, ಕೇಳುವ ವ್ಯವಧಾನ ಇದ್ದರೆ ಸಾಕು. ಆದರೂ ಈಗಿನ ಹುಡುಗರು ಬಂದು “ಅಂಕಲ್, ಪರದೆ ಮೇಲೆ ಸಾಲು ಬರೆಸಿದ್ರೆ ಕೆಲಸ ಮಾಡತ್ತೆ, ತೆಗೆದ್ರೆ ಇಲ್ಲ” ಎಂದಾಗ ನನಗೆ ಹಳೇ ಸ್ನೇಹಿತ ಸಿಕ್ಕ ಹಾಗಾಗುತ್ತದೆ.

ಕೆಂಗೇರಿಯಿಂದ ಆ ಸೋಮವಾರ ಸಾರ್ ವ್ಯಾನಿನಲ್ಲಿ ಬ್ಯಾಡರಹಳ್ಳಿಗೆ ಹೊರಟರು. ಮೇಡಂ ಮತ್ತು ನಾನು ಸಿಟಿ ಬಸ್ಸು ಹತ್ತಿದೆವು. ಅವರಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು, ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ. ಬಹಳ ದೂರದವರೆಗೆ ನಾನು ಒಂದು ಜೋಕೂ ಹೊಡೆಯಲಿಲ್ಲ. ಅದು ನನ್ನ ಜೀವಮಾನದ ದಾಖಲೆ. ಕೊನೆಗೆ ಮೇಡಂ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು:

“ರೀಸೆಟ್ ಇದ್ದಾಗ ಕ್ರಿಸ್ಟಲ್ ನಿಲ್ಲಿಸ್ಬೇಕು ಅನ್ನೋ ಐಡಿಯಾ ನಂದೇ ಕಣೋ. ಕರೆಂಟ್ ಉಳಿಯತ್ತೆ ಅಂತ ಮಾಡಿದ್ದು. ಅಲ್ಲಿ ನೀನು ಎಲ್ಲಾ ನಂದೇ ಅಂದ್ಬಿಟ್ಟೆ. ಮುಂದಿನ ಬೋರ್ಡಲ್ಲಿ ಅದು ಯಾವಾಗ್ಲೂ ಓಡ್ತಿರೋ ಹಾಗೆ ಮಾಡ್ತೀನಿ.”

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. ಅವರ ತುಟಿಯ ಕೊನೆ ಅಲುಗುತ್ತಿತ್ತು. ‘ನಾನೊಬ್ಬ ಕತ್ತೆ’ ಅನ್ನುವುದು ಈಗ ಎಲ್ಲಿಂದಲೋ ನೆನಪಾಗಿರಬೇಕು. ಮೊದಲು ಭುಜ ಕುಲುಕಿತು, ಆಮೇಲೆ ಸೆರಗು ಬಾಯಿಗೆ ಹೋಯಿತು, ಆಮೇಲೆ ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡುವಷ್ಟು ಜೋರಾಗಿ ನಕ್ಕರು. ಕಣ್ಣು ಒರೆಸಿಕೊಂಡು ಹೇಳಿದರು:

“ನಿನ್ನ ಜೋಕು ಅಷ್ಟೇನೂ ಕೆಟ್ಟದಲ್ಲ ಮಂಜು. ಹೇಳಿದ್ಮೇಲೆ ಸ್ವಲ್ಪ ಕಾಯೋದು ಕಲ್ತ್ಕೋ. ನಗೋರಿಗೂ ಹೊತ್ತು ಬೇಕು.”